ಸೋಫಾದ ಬಲಮೂಲೆ

ಮೊಳೆ ಜಪ್ಪಯ್ಯ ಎಂದರೂ ಏಳಲಿಲ್ಲ. ಗುಬ್ಬಿ ನೆಲಕ್ಕೆ ಭುಜ ಊರಿ, ಸೋಫಾದ ಬಲಗೈಯ ಅಡಿಗೆ ತಲೆ ತೂರಿಸಿ, ಅಪ್ಪನ ಸ್ಕ್ರೂಡ್ರೈವರಿನ ತುದಿಯನ್ನು ಮತ್ತೊಮ್ಮೆ ಅದರ ಕೆಳಗೆ ಒತ್ತಿದಳು. ತುಕ್ಕು ಹಿಡಿದ ಪುಟ್ಟ ಮೊಳೆ. ಇಷ್ಟು ವರ್ಷ ಕಚ್ಚಿಕೊಂಡಿದ್ದ ಮರ ಅದನ್ನು ಸುಲಭವಾಗಿ ಬಿಟ್ಟುಕೊಡುವಂತಿರಲಿಲ್ಲ. ಹಲ್ಲು ಕಚ್ಚಿ ಮೀಟಿದಳು. ಮೊಳೆ ಬರಲಿಲ್ಲ, ಬಟ್ಟೆ ಬಂತು. ಪರ್ರೆಂದು ಮೊಳೆಗಳ ಸಾಲಿನುದ್ದಕ್ಕೂ ಹರಿದು ಕೈಗೆ ಬಂತು.

ಹರಿಯಬೇಕೆಂದು ಅವಳು ಕೂತಿರಲಿಲ್ಲ, ಉಳಿಸಿಕೊಳ್ಳಬೇಕೆಂದು ಕೂತಿದ್ದಳು. ಈಗ ನಿಲ್ಲಿಸುವ ಹಾಗೂ ಇರಲಿಲ್ಲ. ಮೂಲೆಯಲ್ಲಿ ಇನ್ನೂ ಅಂಟಿಕೊಂಡಿದ್ದ ಅಂಚನ್ನು ಕತ್ತರಿಯಿಂದ ಕತ್ತರಿಸಿ, ತುಂಡನ್ನು ಮಡಿಲಲ್ಲಿ ಹರಡಿ ನೋಡಿದಳು. ಕಡುಹಸಿರು ಬಟ್ಟೆ, ಮೇಲೆ ಸಣ್ಣ ಸಣ್ಣ ಹಳದಿ ಎಲೆಗಳು. ಎಲೆಗಳ ನಡುವೆ ಕೆಂಪು ಶಾಯಿಯ ಚುಕ್ಕೆಗಳು.

ಆ ಚುಕ್ಕೆಗಳು ಅಮ್ಮನವು. ಅಮ್ಮ ಶಾಲೆಯಿಂದ ಬಂದು, ಈ ಮೂಲೆಯಲ್ಲಿ ಕಾಲು ಮಡಚಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅರ್ಧ ಅಂಕ ಕೊಡುವುದೋ ಬೇಡವೋ ಎಂಬ ಯೋಚನೆಗೆ ಬಿದ್ದಾಗ ಅವಳ ಪೆನ್ನು ತಾನಾಗಿ ಸೋಫಾದ ಕೈಯ ಮೇಲೆ ಕೂತುಬಿಡುತ್ತಿತ್ತು. "ನೋಡೇ, ನನ್ನ ಸೋಫಾಗೆ ದಡಾರ ಬಂದಿದೆ" ಎಂದು ತಾನೇ ನಗುತ್ತಿದ್ದಳು. ಒರೆಸಲು ಹೋದ ಗುಬ್ಬಿಯನ್ನು ತಡೆದು, "ಬಿಡು, ಅಷ್ಟೂ ನಾನು ಮಕ್ಕಳಿಗೆ ಕೊಟ್ಟ ಪುಕ್ಕಟೆ ಅಂಕ" ಎನ್ನುತ್ತಿದ್ದಳು. ಅಮ್ಮ ಹೋದ ಮೇಲೆ ಆ ಮೂಲೆಯಲ್ಲಿ ಯಾರೂ ಕೂತಿರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲೂ ಇಲ್ಲ.

ನಿನ್ನೆ ಸೋಫಾ ರಿಪೇರಿಯವನು ಬಂದಿದ್ದ. ಸೀಟಿನ ಮುಂಭಾಗ ಹರಿದು ಒಳಗಿನ ನಾರು ಗಡ್ಡದಂತೆ ಇಳಿಬಿದ್ದಿತ್ತು. ಅವನು ಅದನ್ನು ಎಳೆದು ನೋಡಿ, ಸೋಫಾದ ಬೆನ್ನಿಗೆ ಕುದುರೆಗೆ ತಟ್ಟುವಂತೆ ತಟ್ಟಿ ಹೇಳಿದ್ದ.

"ಮರ ಕಬ್ಬಿಣ ಇದ್ದಂಗಿದೆ ಅಕ್ಕಾ. ಬಟ್ಟೇಲೇ ಜೀವ ಇಲ್ಲ. ಪೂರ್ತಿ ಕಿತ್ತು ಬಿಸಾಕಿ ಹೊಸದು ಬಡಿಯೋಣ. ನಿಮ್ಮ ಸೋಫಾ ನಿಮಗೇ ಗುರುತು ಸಿಗಬಾರದು, ಹಂಗೆ ಮಾಡಿಕೊಡ್ತೀನಿ."

"ನೋಡೋಣ" ಎಂದಿದ್ದಳು ಚಿಕ್ಕಮ್ಮ. "ನಾಳೆ ಕೆಲಸ ಮುಗಿಸಿ ಬರುವಾಗ ಬಟ್ಟೆ ತರ್ತೀನಿ."

ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಗುಬ್ಬಿಗೆ ಅಷ್ಟೇ ಸಾಕಾಗಿತ್ತು. ಹೊರಗೆ ಬಂದು ಒಂದು ಮಾತು ಕೇಳಬಹುದಿತ್ತು. ಆದರೆ ಕೇಳುವುದೆಂದರೆ ಅವಳಿಗೆ ಬೆಟ್ಟ ಹತ್ತಿದ ಹಾಗೆ. ಸಣ್ಣವಳಿದ್ದಾಗಿನಿಂದಲೂ ದನಿ ಗಂಟಲು ದಾಟುವುದರೊಳಗೆ ಸೋತುಹೋಗುತ್ತಿತ್ತು; ಅದಕ್ಕೇ ಗುಬ್ಬಿ ಎಂಬ ಹೆಸರು. ಡಿಗ್ರಿ ಮುಗಿದರೂ ಹೆಸರೂ ಬದಲಾಗಲಿಲ್ಲ, ದನಿಯೂ ಬದಲಾಗಲಿಲ್ಲ. ಹೊಸ ಹೆಂಡತಿಯನ್ನು ಮನೆಗೆ ಕರೆತಂದ ದಿನ ಅಪ್ಪ, "ಚಿಕ್ಕಮ್ಮ ಅಂತ ಕರಿ" ಎಂದಿದ್ದ. ಅವಳು ತಲೆಯಾಡಿಸಿದ್ದಳು. ಆಮೇಲೆ ತಿಂಗಳುಗಳು ಕಳೆದರೂ ಏನೂ ಕರೆಯದೆ, ಎದುರಿಗೆ ಬಂದು ನಿಂತು ಮಾತು ಶುರುಮಾಡುವುದನ್ನು ಕಲಿತುಕೊಂಡಿದ್ದಳು.

ಚಿಕ್ಕಮ್ಮ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ರೋಗಿಗಳ ಗೌನು. ಅದು ಗೊತ್ತಾದಾಗ ಗುಬ್ಬಿಯ ಮನಸ್ಸು ನೇರ ಅದೇ ಆಸ್ಪತ್ರೆಯಲ್ಲಿ ಅಮ್ಮ ಕೊನೆಗೆ ಮಲಗಿದ್ದ ವಾರ್ಡಿಗೆ ಹೋಗಿ ನಿಂತಿತ್ತು. ಒಗೆದೊಗೆದು ಬಣ್ಣ ಬಿಟ್ಟ ನೀಲಿ ಗೌನು, ಬೆನ್ನಿನ ಮೇಲೆ ಬಿಳಿಯ ಕಸೆಗಳು. ಬೆಳಿಗ್ಗೆ ಅವನ್ನು ಕಟ್ಟುವ ಕೆಲಸ ಗುಬ್ಬಿಯದು. "ಬಿಗಿಯಾಗಿ ಗಂಟು ಹಾಕಬೇಡ ಮಗಾ, ಡಾಕ್ಟ್ರು ಬಿಚ್ಚೋಕೆ ಒದ್ದಾಡ್ತಾರೆ" ಎನ್ನುತ್ತಿದ್ದಳು ಅಮ್ಮ. ಮಾತಿನ ಕೊನೆಯಲ್ಲಿ ಉಸಿರು ಸಾಲುತ್ತಿರಲಿಲ್ಲ. ಆ ಗೌನನ್ನು ಹೊಲಿದವಳು ಈಕೆಯೇ ಇರಬಹುದೆಂದು ಗುಬ್ಬಿ ಯಾರಿಗೂ ಹೇಳಿರಲಿಲ್ಲ. ಹೇಳಿ ಆಗುವುದೇನು ಎಂಬುದೂ ಅವಳಿಗೆ ತಿಳಿದಿರಲಿಲ್ಲ.

ಗೇಟು ಕಿರುಗುಟ್ಟಿತು.

ಗುಬ್ಬಿ ದಡಬಡಿಸಿ ಎದ್ದು, ತುಂಡನ್ನು ತನ್ನ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ತುರುಕಿ ಬರುವಷ್ಟರಲ್ಲಿ ಚಿಕ್ಕಮ್ಮ ಒಳಗೆ ಬಂದಾಗಿತ್ತು. ಕಂಕುಳಲ್ಲಿ ದೊಡ್ಡ ಬಟ್ಟೆಯ ಗಂಟು. ಒಣಹುಲ್ಲಿನ ಬಣ್ಣದ ದಪ್ಪ ಹತ್ತಿಬಟ್ಟೆ. ಅದನ್ನು ಇಳಿಸಲೆಂದು ಬಗ್ಗಿದವಳು ಹಾಗೇ ನಿಂತಳು. ಸೋಫಾದ ಬಲಗೈ ಚರ್ಮ ಸುಲಿದಂತೆ ಬರಿದಾಗಿತ್ತು. ಹಳದಿಗಟ್ಟಿದ ಸ್ಪಂಜು, ನಾರು, ಒಂದಿಷ್ಟು ಮರ, ಸಾಲಾಗಿ ಮೊಳೆಗಳು. ನೆಲದ ಮೇಲೆ ಕತ್ತರಿ.

"ಆ ತುಂಡು ಎಲ್ಲಿ?"

ಗುಬ್ಬಿ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಳು.

"ನಿನ್ನನ್ನೇ ಕೇಳ್ತಿರೋದು. ಇಲ್ಲಿದ್ದ ಬಟ್ಟೆ ಎಲ್ಲಿ?"

"ಕೊಡಲ್ಲ" ಎಂದಳು ಗುಬ್ಬಿ. ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಎಲ್ಲಾ ಕಿತ್ತು ಬಿಸಾಕಿ. ಅದೊಂದು ಕೊಡಲ್ಲ."

ಚಿಕ್ಕಮ್ಮ ಗಂಟನ್ನು ನೆಲಕ್ಕಿಟ್ಟಳು. ಅವಳ ಮುಖ ಮೊದಲು ಕೆಂಪಗಾಯಿತು, ಆಮೇಲೆ ಸಪ್ಪಗಾಯಿತು.

"ಬಿಸಾಕ್ತೀನಿ ಅಂತ ಯಾರು ಹೇಳಿದ್ದು?"

"ನಿನ್ನೆ ಅವನು..."

"ಅವನು ಅಂದ. ನಾನು ಹೂಂ ಅಂದ್ನಾ? ಇದು ಗವಸಿಗೆ ತಂದಿರೋ ಬಟ್ಟೆ. ದಿಂಬಿಗೆ ಹಾಕಲ್ವಾ, ಹಾಗೆ. ಮೇಲಿಂದ ಹಾಕೋದು, ಕೊಳೆಯಾದಾಗ ತೆಗೆದು ಒಗೆಯೋದು. ಕೆಳಗಿರೋದು ಕೆಳಗೇ ಇರುತ್ತೆ." ಬರಿದಾದ ಬಲಗೈಯನ್ನು ನೋಡುತ್ತಾ ಹೇಳಿದಳು, "ಆ ಬಟ್ಟೆ ಯಾರದು ಅಂತ ಗೊತ್ತಿಲ್ಲದಷ್ಟು ದಡ್ಡಿ ಅಲ್ಲ ನಾನು."

ಉಳಿಸಲು ಹೊರಟವಳ ಎದುರಿಗೇ ಬಟ್ಟೆ ಕೊಯ್ದು ಕೂತಿದ್ದಳಲ್ಲ ಗುಬ್ಬಿ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದಳು ಚಿಕ್ಕಮ್ಮ. "ಬೈಯಬಹುದಿತ್ತು. ಜಗಳ ಆಡಿದ್ರೂ ಬೇಸರ ಇರ್ತಿರ್ಲಿಲ್ಲ. ನಾನು ಒಂದು ಲೋಟ ಆಚೆ ಇಟ್ರೆ, ನನ್ನ ಬೆನ್ನು ಆ ಕಡೆ ತಿರುಗೋದೇ ತಡ, ನೀನು ಈಚೆ ತಂದಿಡ್ತೀಯ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀಯಾ? ದಿನಾ ಮನೆಗೆಲಸಕ್ಕೆ ಬಂದು ಹೋಗೋಳ ಹಾಗೆ ಇದ್ದೀನಿ ನಾನಿಲ್ಲಿ."

ಅಷ್ಟು ಹೇಳಿ ಅವಳು ಒಳಗೆ ಹೋದಳು. ಬಚ್ಚಲಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಗುಬ್ಬಿ ಹೋಗಿ ಬೀರು ತೆರೆದು ತುಂಡನ್ನು ತಂದಳು. ಅದನ್ನು ಗಂಟಿನ ಪಕ್ಕದಲ್ಲಿಟ್ಟು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನೆಲದ ಮೇಲೆ ಕೂತಳು.

ಚಿಕ್ಕಮ್ಮ ಬಂದಾಗ ಕಣ್ಣುಗಳು ಕೆಂಪಗಿದ್ದವು. ಕೈಯಲ್ಲಿ ದಪ್ಪ ದಾರ, ಗೋಣಿ ಹೊಲಿಯುವ ದಬ್ಬಣ, ಬಿಳಿ ಬಟ್ಟೆಯ ಒಂದು ಪಟ್ಟಿ ಇದ್ದವು. ತುಂಡನ್ನೆತ್ತಿ ಬೆಳಕಿಗೆ ಹಿಡಿದಳು. ಚುಕ್ಕೆಗಳನ್ನು ನೋಡಿದಳು. ಅಂಚನ್ನು ಬೆರಳಲ್ಲಿ ಉಜ್ಜಿದಾಗ ಎಳೆಗಳು ಪುಡಿಯಾದವು.

"ಬಟ್ಟೆ ಲಡ್ಡಾಗಿದೆ. ಮೊಳೆ ತಡಿಯಲ್ಲ. ಅಡಿಗೆ ಪಟ್ಟಿ ಕೊಟ್ಟು ಹೊಲೀಬೇಕು. ಹಿಡ್ಕೋ."

ಗುಬ್ಬಿ ಹಿಡಿದುಕೊಂಡಳು.

"ಅಷ್ಟು ಎಳೀಬೇಡ. ಅದು ಹೇಗಿತ್ತೋ ಹಾಗೆ ಕೂರ್ಬೇಕು. ಈ ಎಲೆ ಆ ಎಲೆಗೆ ಸೇರುತ್ತಾ ನೋಡು."

ಹರಿದ ಎಲೆಯ ತೊಟ್ಟು ಒಂದು ಕಡೆ, ತುದಿ ಇನ್ನೊಂದು ಕಡೆ. ಗುಬ್ಬಿ ಅವೆರಡನ್ನೂ ಕೂಡಿಸಿ ಬೆರಳಿಂದ ಒತ್ತಿ ಹಿಡಿದಳು. ಆ ಬೆರಳಿನ ಪಕ್ಕದಲ್ಲೇ ದಬ್ಬಣ ಇಳಿಯಿತು, ಮೇಲೆ ಬಂತು, ಮತ್ತೆ ಇಳಿಯಿತು. ಚಿಕ್ಕಮ್ಮನ ತೋರುಬೆರಳಿನ ಪಕ್ಕದಲ್ಲಿ ದಾರ ಎಳೆದೆಳೆದು ಆದ ಒಂದು ಗೆರೆ ಇತ್ತು. ಇಷ್ಟು ಹತ್ತಿರದಿಂದ ಆ ಕೈಯನ್ನು ಗುಬ್ಬಿ ನೋಡಿರಲಿಲ್ಲ. ಒಮ್ಮೆ ಚಿಕ್ಕಮ್ಮ, "ಚುಚ್ತಾ?" ಎಂದು ಕೇಳಿದಳು. ಗುಬ್ಬಿ ಇಲ್ಲವೆಂದು ತಲೆಯಾಡಿಸಿದಳು. ಚುಚ್ಚಿತ್ತು.

ಅರ್ಧ ಹೊಲಿಗೆ ಆಗಿರುವಾಗ ಅಪ್ಪ ಬಂದ. ಅವನದು ಫ್ಯಾನು ರಿಪೇರಿಯ ಅಂಗಡಿ. ಬರುವಾಗ ಯಾವಾಗಲೂ ಸುಟ್ಟ ತಂತಿಯ ವಾಸನೆ ಅವನಿಗಿಂತ ಮುಂಚೆ ಒಳಗೆ ಬರುತ್ತಿತ್ತು. ಸೋಫಾದ ಮುಂದೆ ಮಂಡಿಯೂರಿದ್ದ ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತ.

"ಏನಿದು, ಆಪರೇಷನ್ ಥಿಯೇಟರ್ ಮನೇಗೇ ಬಂದಿದೆ?"

ಗುಬ್ಬಿಯ ಕಾಲ ಬಳಿಯೇ ಅವನ ಸ್ಕ್ರೂಡ್ರೈವರ್ ಬಿದ್ದಿತ್ತು. ಚಿಕ್ಕಮ್ಮ ತಲೆ ಎತ್ತದೆ ಹೇಳಿದಳು, "ಬಟ್ಟೆ ಬಿಟ್ಕೊಂಡಿತ್ತು. ಗವಸು ಹಾಕೋಕೆ ಮುಂಚೆ ಸರಿಮಾಡ್ತಿದೀವಿ."

"ಓಹೋ, ಸೋಫಾಗೂ ಅಂಗಿ. ಹಾಗಾದ್ರೆ ಒಂದು ಜೇಬೂ ಇಟ್ಬಿಡು ಮಾರಾಯ್ತಿ, ಟೀವಿ ರಿಮೋಟ್ ಹುಡುಕಿ ಹುಡುಕಿ ನನ್ನ ಆಯಸ್ಸೇ ಮುಗೀತು."

ಅವನು ನಗುತ್ತಾ ಹತ್ತಿರ ಬಂದ. ಕೆಂಪು ಚುಕ್ಕೆಗಳ ಮೇಲೆ ಕಣ್ಣು ಬಿತ್ತು. ನಗು ಅರ್ಧಕ್ಕೆ ನಿಂತಿತು. ಬಗ್ಗಿ ಸ್ಕ್ರೂಡ್ರೈವರನ್ನು ಎತ್ತಿಕೊಂಡು, ಅದು ಅಲ್ಲಿಗೆ ಹೇಗೆ ಬಂತೆಂದು ಕೇಳದೆ, ಕೈಕಾಲು ತೊಳೆಯಲು ಹೋದ.

ಮುಂದಿನ ದಿನಗಳಲ್ಲಿ ಸಂಜೆಯಾದರೆ ಹೊಲಿಗೆ ಯಂತ್ರದ ಸದ್ದು. ಚಿಕ್ಕಮ್ಮ ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ ಸೋಫಾದ ಮೇಲೆ ಹಾಸುತ್ತಿದ್ದಳು. ಗುಬ್ಬಿ ಪಿನ್ನುಗಳ ಡಬ್ಬಿ ಹಿಡಿದು ಹಿಂದೆ ಮುಂದೆ ಸುತ್ತುತ್ತಿದ್ದಳು. "ಪಿನ್ನು", "ಸೀಮೆಸುಣ್ಣ", "ಇಲ್ಲಿ ಹಿಡಿ". ಒಂದು ಸಂಜೆ ಗುಬ್ಬಿ ಲೋಟ ತೊಳೆದು, ಚಿಕ್ಕಮ್ಮ ಇಡುತ್ತಿದ್ದ ಜಾಗದಲ್ಲೇ ಇಟ್ಟಳು. ಚಿಕ್ಕಮ್ಮ ನೋಡಿದಳೋ ಇಲ್ಲವೋ.

ಭಾನುವಾರ ಗವಸು ಮುಗಿಯಿತು. ಅಪ್ಪ ಯಾರದೋ ಮನೆಯ ಫ್ಯಾನು ನೋಡಲು ಹೋಗಿದ್ದ. ಇಬ್ಬರೂ ಸೇರಿ ಸೋಫಾವನ್ನು ಗೋಡೆಯಿಂದ ಮುಂದಕ್ಕೆ ಎಳೆದು, ಗವಸನ್ನು ಮೇಲಿನಿಂದ ಇಳಿಸಿದರು. ಮೊದಲು ಬೆನ್ನು, ಆಮೇಲೆ ಎಡಗೈ, ಕೊನೆಗೆ ಬಲಗೈ. ಹೊಲಿಗೆಯ ಗೆರೆ, ಎಲೆಗಳು, ಚುಕ್ಕೆಗಳು ಒಂದೊಂದಾಗಿ ಒಳಗಾದವು. ಹಿಂಭಾಗದಲ್ಲಿ ಗವಸಿಗೆ ಮೇಲಿಂದ ಕೆಳಗೆ ಸೀಳು ಬಿಟ್ಟಿತ್ತು. ಸೀಳಿನ ಎರಡೂ ಬದಿಗೆ ಬಿಳಿಯ ಕಸೆಗಳು. ಗುಬ್ಬಿ ಅವನ್ನು ಕಂಡ ಕೂಡಲೇ ಗುರುತಿಸಿದಳು.

"ಆಸ್ಪತ್ರೇಲಿ ಉಳಿದಿದ್ದ ಪಟ್ಟಿ, ಕೇಳಿ ತಂದೆ" ಎಂದಳು ಚಿಕ್ಕಮ್ಮ, ಅವಳ ಮುಖ ನೋಡಿ. "ಬೇಡ ಅನ್ಸಿದ್ರೆ ಹೇಳು, ಗುಂಡಿ ಹಾಕ್ತೀನಿ."

"ಬೇಡ. ಇರ್ಲಿ."

"ಹಾಗಾದ್ರೆ ನೀನು ಹೋಗಿ ಕೂತ್ಕೋ. ಕಟ್ಟುವಾಗ ಯಾರಾದ್ರೂ ಕೂತಿರಬೇಕು. ಖಾಲಿ ಸೋಫಾಗೆ ಬಿಗಿದ್ರೆ, ಕೂತ ತಕ್ಷಣ ಕಿತ್ಕೊಂಡು ಬರುತ್ತೆ."

ಗುಬ್ಬಿ ಕಸೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಕಟ್ಟೋದು ನಂಗೆ ಬರುತ್ತೆ. ನೀವು ಕೂತ್ಕೊಳ್ಳಿ."

ಚಿಕ್ಕಮ್ಮ ಕೈ ಒರೆಸಿಕೊಂಡು ಮುಂದಕ್ಕೆ ಹೋದಳು. ಎಡತುದಿಯ ಹತ್ತಿರ ನಿಂತಳು.

"ಅಲ್ಲಲ್ಲ" ಎಂದಳು ಗುಬ್ಬಿ. "ಈ ಕಡೆ."

ಚಿಕ್ಕಮ್ಮ ತಿರುಗಿ ನೋಡಿದಳು. ಗುಬ್ಬಿ ಅಷ್ಟರಲ್ಲಿ ಸೋಫಾಕ್ಕೂ ಗೋಡೆಗೂ ನಡುವೆ ನುಸುಳಿ ಕೂತಾಗಿತ್ತು, ನೆತ್ತಿಯಷ್ಟೇ ಕಾಣುತ್ತಿತ್ತು. ಆಮೇಲೆ ಬಲಮೂಲೆಯ ಸ್ಪ್ರಿಂಗು ಕುಂಯ್ ಎಂದಿತು. ಆದರೆ ಬಟ್ಟೆ ಬಿಗಿಯಲಿಲ್ಲ. ಕಚೇರಿಯಲ್ಲಿ ಸರದಿ ಕಾಯುವವರ ಹಾಗೆ ಚಿಕ್ಕಮ್ಮ ತುದಿಯಲ್ಲಿ ಕೂತಿರಬೇಕು.

ಗೋಡೆಯ ಕಡೆಯ ನೆರಳಿನಲ್ಲಿ, ಸೀಳಿನ ನಡುವೆ, ಹಸಿರು ಬಟ್ಟೆ ಬಿಸಿಲು ಕಾಣದೆ ಹೊಸದರಂತೆಯೇ ಉಳಿದಿತ್ತು. ಗುಬ್ಬಿ ಎರಡು ಕಸೆಗಳನ್ನು ಹತ್ತಿರ ತಂದಳು.

"ಇನ್ನೂ ಹಿಂದೆ ಒರಗಿ, ಚಿಕ್ಕಮ್ಮ. ಭಾರ ಪೂರ್ತಿ ಬಿಡಿ."

ಬೆನ್ನಿನ ಭಾರ ನಿಧಾನವಾಗಿ ಇಳಿಯಿತು. ಬಟ್ಟೆ ತುಂಬಿಕೊಂಡು ಬಿಗಿಯಿತು. ಕೈಗೆ ಉಳಿದಷ್ಟು ಕಸೆಯಲ್ಲಿ ಗುಬ್ಬಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ, ಮೊದಲ ಗಂಟು ಹಾಕಿದಳು.