ಕಪ್ಪು ಕಿಟಕಿಯಲ್ಲಿ ಕಳೆದ ನಲವತ್ತೆರಡು ಪಾಠ

ಯಂತ್ರದ ಎಣ್ಣೆಯೂ ರಿಬ್ಬನ್ನಿನ ಮಸಿಯೂ ಬೆರೆತ ಒಂದು ವಾಸನೆ ಇದೆ. ಅವಳ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆಯಿತು. ಚಿಕ್ಕಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆರು ಟೈಪ್‌ರೈಟರ್ ಇಟ್ಟುಕೊಂಡು ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದಳು. ಕಲಿಯಲು ಬಂದವರ ಕೈಗಳ ಮೇಲೆ ಒಂದು ಬಟ್ಟೆ ಹೊದಿಸಿ, "ಬೆರಳಿಗೆ ಕಣ್ಣು ಬರಬೇಕು ಕಣ್ರೇ. ನೋಡಿ ಕುಕ್ಕೋದಾದ್ರೆ ಕೋಳಿನೂ ಕುಕ್ಕುತ್ತೆ" ಎನ್ನುತ್ತಿದ್ದಳು. ಒಂಬತ್ತನೇ ವಯಸ್ಸಿಗೇ ಅವಳ ಬೆರಳಿಗೆ ಕಣ್ಣು ಬಂದಿತ್ತು. ನೆಂಟರಿಷ್ಟರು ಬಂದರೆ ಚಿಕ್ಕಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣಿಗೆ ಕರವಸ್ತ್ರ ಕಟ್ಟಿ ಟೈಪ್ ಮಾಡಿಸುತ್ತಿದ್ದಳು. ಎಲ್ಲರೂ ಭೇಷ್ ಅಂದಾಗ ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು.

ಈಗ ಅವಳಿಗೆ ಐವತ್ತೇಳು. ಕೆಲಸದ ಜಾಗದಲ್ಲಿ ಎಲ್ಲರಿಗೂ ಅವಳು ಟೈಪಿಂಗ್ ಅಕ್ಕ. ಬೆನ್ನು ಮಾತ್ರ ಹಾಗೇ ನೆಟ್ಟಗಿತ್ತು.

ಅದೊಂದು ಸಣ್ಣ ಗ್ರಂಥಾಲಯ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ, ಧ್ವನಿ ಮುದ್ರಿಸಿ ಕಳಿಸಿಕೊಡುವುದು ಅಲ್ಲಿಯ ಕೆಲಸ. ಮೂರನೇ ಮಹಡಿಯಲ್ಲಿ ಮೂರು ಕೋಣೆ. ಒಂದರಲ್ಲಿ ಗೋಡೆಗೆಲ್ಲ ಹಳೇ ಕಂಬಳಿ ಹೊಡೆದು ಮುದ್ರಣದ ಕೋಣೆ ಮಾಡಿದ್ದರು. ಇನ್ನೊಂದರಲ್ಲಿ ಮೇಲ್ವಿಚಾರಕಿ ಮೇಡಂ. ನಡುವಿನದರಲ್ಲಿ ಟೈಪಿಂಗ್ ಅಕ್ಕ, ಅವಳಷ್ಟೇ ಹಳಬ ಅನ್ನಿಸುವ ಒಂದು ಕಂಪ್ಯೂಟರ್.

ಮುದ್ರಿಸಿದ ಪಾಠಗಳನ್ನು ದೂರದ ಮುಖ್ಯ ಗ್ರಂಥಾಲಯದ ಸರ್ವರ್‌ಗೆ ಕಳಿಸುವುದು ಅವಳ ಪಾಲಿನ ಕೆಲಸ. ಆ ಸರ್ವರ್ ಹಳೇ ಕಾಲದ್ದು. ಮೌಸ್, ಚಿತ್ರ, ಗುಂಡಿ ಯಾವುದೂ ನಡೆಯದು. ಒಂದು ಕಪ್ಪು ಕಿಟಕಿ ತೆರೆದು, ಬಿಳಿ ಅಕ್ಷರದಲ್ಲಿ ಫೈಲು ಸಾಗಿಸುವ ಆಜ್ಞೆಯಾದ ಎಫ್‌ಟಿಪಿ ಎಂದು ಹೊಡೆದು ಸರ್ವರಿನ ವಿಳಾಸ ಬರೆಯಬೇಕು. ಅದು ಹೆಸರು ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಹೊಸಬರು ಅಲ್ಲೇ ಕಂಗಾಲಾಗುತ್ತಿದ್ದರು. ಅವಳಿಗೆ ಅದೇ ಇಷ್ಟ. ಒಳಗೆ ಬಿಟ್ಟುಕೊಂಡ ಮೇಲೆ ಎರಡು ಮುಖ್ಯ ಆಜ್ಞೆ: ಎಂಪುಟ್ ಎಂದರೆ ಇಲ್ಲಿರುವುದನ್ನೆಲ್ಲ ಅಲ್ಲಿಗೆ ಹಾಕು, ಎಂಗೆಟ್ ಎಂದರೆ ಅಲ್ಲಿರುವುದನ್ನೆಲ್ಲ ಇಲ್ಲಿಗೆ ತಾ. ಒಂದೊಂದು ಫೈಲಿಗೂ "ಹೌದಾ?" ಎಂದು ಕೇಳುವ ಅಭ್ಯಾಸ ಅದಕ್ಕಿತ್ತು. ನಲವತ್ತು ಸಲ ಹೌದು ಹೌದು ಎಂದು ಕೋಲೆಬಸವನ ಹಾಗೆ ತಲೆಯಾಡಿಸಲು ಬೇಸರವಾಗಿ, ಆ ಪ್ರಶ್ನೆಯನ್ನು ಅವಳು ಎಂದೋ ನಿಲ್ಲಿಸಿಬಿಟ್ಟಿದ್ದಳು.

ಇನ್ನೊಂದು ಪದ್ಧತಿಯಿತ್ತು. ಯಾವ ಪುಸ್ತಕ ಬೇಕೋ ಅದರ ಪಾಠಗಳ ಹೆಸರಿನಲ್ಲೇ ಮುಖ್ಯ ಗ್ರಂಥಾಲಯದವರು ಸರ್ವರಿನಲ್ಲಿ ಖಾಲಿ ಫೈಲುಗಳನ್ನು ಮೊದಲೇ ಇಟ್ಟಿರುತ್ತಿದ್ದರು. ಒಂದೊಂದರಲ್ಲೂ ಐದು ಸೆಕೆಂಡಿನ ಒಂದೇ ಪ್ರಕಟಣೆ: "ಈ ಮುದ್ರಣ ದೃಷ್ಟಿಯಿಲ್ಲದವರ ಉಪಯೋಗಕ್ಕೆ ಮಾತ್ರ." ಅದೇ ಹೆಸರಿನ ನಿಜವಾದ ಪಾಠವನ್ನು ಅದರ ಮೇಲೆ ಹಾಕಿದರೆ ಖಾಲಿಯದು ಹೋಗಿ ತುಂಬಿದ್ದು ಕೂರುತ್ತದೆ.

ಆ ಸಲ ಬಂದದ್ದು ಕಣ್ಣು ಕಾಣದ ಮಕ್ಕಳ ಪರೀಕ್ಷೆಗೆ ಬೇಕಾದ ಭೂಗೋಳದ ಪುಸ್ತಕ. ನಲವತ್ತೆರಡು ಪಾಠ. ಓದಿದವರು ಭೂಗೋಳ ಕಲಿಸಿಯೇ ನಿವೃತ್ತರಾದ ಮೇಷ್ಟ್ರು. ಮೂರು ತಿಂಗಳು ದಿನಾ ಮೂರು ಮಹಡಿ ಹತ್ತಿ ಬಂದು, ಮೆಟ್ಟಿಲ ತುದಿಯಲ್ಲಿ ಉಸಿರು ಸುಧಾರಿಸಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಏದುಸಿರು ಕೇಳಿ ಯಾರೂ ಕನಿಕರಪಡಬಾರದಲ್ಲ. ಪುಸ್ತಕದಲ್ಲಿ ನಕ್ಷೆ ಬಂದಾಗ ಬೇರೆ ಓದುಗರೆಲ್ಲ "ಇಲ್ಲಿ ನಕ್ಷೆ ಇದೆ" ಎಂದು ಮುಂದೆ ಹೋಗುತ್ತಾರೆ. ಮೇಷ್ಟ್ರು ಪುಸ್ತಕ ಮುಚ್ಚುತ್ತಿದ್ದರು. "ನಿಮ್ಮ ಎಡಗೈ ಮೇಜಿನ ಮೇಲೆ ಅಂಗಾತ ಇಡಿ ಮಕ್ಕಳೇ. ಹೆಬ್ಬೆರಳಿನ ಬುಡದ ದಿಬ್ಬ ಇದೆಯಲ್ಲ, ಅದು ಪರ್ವತ. ಅಲ್ಲಿಂದ ನಡುಬೆರಳಿನ ಕಡೆಗೆ ಒಂದು ಗೆರೆ ಎಳೀರಿ. ಅದೇ ನದಿ." ಹೀಗೆ ಮೂವತ್ತು ನಕ್ಷೆಗಳನ್ನೂ ಅಂಗೈಯಲ್ಲಿ ತೋರಿಸಿದ್ದರು. ಅದ್ಯಾವುದನ್ನೂ ಬರೆದಿಟ್ಟಿರಲಿಲ್ಲ. ಬಾಯಿಗೆ ಬಂದದ್ದು, ಬಂದ ಹಾಗೆ.

ಪಾಠಗಳನ್ನು ಕಳಿಸುವ ದಿನ ಸಮಿತಿಯವರು ನಾಲ್ಕು ಜನ ಕಚೇರಿ ನೋಡಲು ಬಂದರು. ಮೇಡಂ ಅವರನ್ನು ನಡುವಿನ ಕೋಣೆಗೆ ಕರೆತಂದು, "ನಮ್ಮ ಅಕ್ಕ ಪರದೆ ಕಡೆ ನೋಡೋದೂ ಇಲ್ಲ. ಬೆರಳಲ್ಲೇ ಎಲ್ಲ ಮುಗಿಸ್ತಾರೆ" ಎಂದರು.

ಒಳಗಿನ ಒಂಬತ್ತು ವರ್ಷದ ಹುಡುಗಿ ಎದ್ದು ಕೂತಳು. ಅವಳು ಕುರ್ಚಿಯನ್ನು ಅತಿಥಿಗಳ ಕಡೆಗೆ ತಿರುಗಿಸಿಕೊಂಡಳು. ಮುಗುಳ್ನಗುತ್ತ, ಕೈ ಮಾತ್ರ ಕೀಲಿಮಣೆಯ ಮೇಲಿಟ್ಟು, ಭೂಗೋಳದ ಫೋಲ್ಡರ್ ತೆರೆದಳು. ಹಿಂದೆ ಹೊಡೆದ ಆಜ್ಞೆ ಮತ್ತೆ ಬೇಕಿದ್ದರೆ ಮೇಲ್ಮುಖದ ಬಾಣ ಒತ್ತಿದರೆ ಸಾಕು, ಒಂದೊಂದಾಗಿ ಹಿಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಒಂದು ಪುಸ್ತಕ ಕಳಿಸಿ, ಆಮೇಲೆ ಇನ್ನೊಂದನ್ನು ತರಿಸಿಕೊಂಡಿದ್ದಳು. ಬಾಣವನ್ನು ಐದು ಸಲ ಒತ್ತಬೇಕಿತ್ತು. ನಾಲ್ಕೇ ಸಲ ಒತ್ತಿ ಎಂಟರ್ ಹೊಡೆದಳು.

ಅರ್ಧ ಗಂಟೆ ಹಿಡಿಯಬೇಕಾದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಅವರು ಹೋದ ಮೇಲೆ ಪರದೆಗೆ ತಿರುಗಿದಳು. ನಲವತ್ತೆರಡು ಫೈಲುಗಳ ಪಕ್ಕದಲ್ಲೂ ಒಂದೇ ಅಳತೆ ಇತ್ತು. ಮೊದಲನೆಯದನ್ನು ತೆರೆದಳು. "ಈ ಮುದ್ರಣ ದೃಷ್ಟಿಯಿಲ್ಲದವರ ಉಪಯೋಗಕ್ಕೆ ಮಾತ್ರ." ಹತ್ತನೆಯದನ್ನು ತೆರೆದಳು. ಅದೇ. ಹಾಕು ಎನ್ನಬೇಕಾದಲ್ಲಿ ತಾ ಎಂದಿದ್ದಳು. ಅಲ್ಲಿದ್ದ ಖಾಲಿ ಫೈಲುಗಳು ಬಂದು, ಮೇಷ್ಟ್ರ ಮೂರು ತಿಂಗಳ ದನಿಯ ಮೇಲೆ ಕೂತಿದ್ದವು. ಮುದ್ರಣ ಯಂತ್ರದಲ್ಲಿ ಹುಡುಕೋಣವೆಂದರೆ, ಪಾಠ ಅವಳ ಕೈಸೇರಿದ ದಿನವೇ ಅಲ್ಲಿ ಅಳಿಸುವುದು ವಾಡಿಕೆ. ಬೇರೆ ಡಿಸ್ಕಿನಲ್ಲಿ ಪ್ರತಿ ಇಡುವುದು ಕಂಪ್ಯೂಟರ್ ರಿಪೇರಿಯವನ ಕೆಲಸವಾಗಿತ್ತು. "ಶುಕ್ರವಾರ ಶುಕ್ರವಾರ ಯಾಕೆ ಮೆಟ್ಟಿಲು ಹತ್ತುತ್ತೀಯೋ ತಮ್ಮಾ, ಅಷ್ಟು ನನಗೆ ಬರಲ್ವಾ?" ಎಂದು ತಾನೇ ವಹಿಸಿಕೊಂಡು, ತಾನೇ ಮರೆತಿದ್ದಳು.

ಮೇಡಂ ಬಾಗಿಲಲ್ಲಿ ನಿಂತು, "ಎಲ್ಲಾ ಹೋಯ್ತಾ ಅಕ್ಕ?" ಎಂದು ಕೇಳಿದರು.

"ಇಲ್ಲ. ಏನೋ... ಡಿಸ್ಕ್ ಕೆಟ್ಟಿರಬೇಕು. ಪಾಠಗಳು ಕಾಣ್ತಿಲ್ಲ" ಎಂದಳು. ಎಷ್ಟು ಸಲೀಸಾಗಿ ಬಂತೆಂದರೆ, ಆ ಮಾತು ಬಾಯಲ್ಲೇ ಮೊದಲಿಂದ ಕಾದು ಕೂತಿತ್ತೇನೋ.

ರಿಪೇರಿಯವನು ಮರುದಿನ ಬಂದ. ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಒಳಗೆ ಬರುವ ಮುಂಚೆ ಚಪ್ಪಲಿಯ ಧೂಳನ್ನು ಹೊರಗೇ ಕೊಡವುವವನು. ಹೋದ ಫೈಲುಗಳನ್ನು ಹೊರತೆಗೆಯಲು ಎರಡು ದಿನ ಒದ್ದಾಡಿದ. ಏನೂ ಸಿಗಲಿಲ್ಲ. ಮೇಡಂ ಎಲ್ಲರೆದುರಿಗೇ ಅವನ ನೀರಿಳಿಸಿದರು. "ಡಿಸ್ಕ್ ಕೆಡೋದು ನಿನಗೆ ಮೊದಲೇ ಗೊತ್ತಾಗ್ಬೇಕಲ್ವೇನಪ್ಪಾ? ಪ್ರತಿ ಎಲ್ಲಿ? ಹದಿನಾರು ದಿನದಲ್ಲಿ ಆ ಮಕ್ಕಳಿಗೆ ಪರೀಕ್ಷೆ. ಏನು ಕೇಳಿಸಿಕೊಂಡು ಬರೀತಾರೆ ಅವರು?"

ಅವನು ಒಂದು ಕ್ಷಣ ಟೈಪಿಂಗ್ ಅಕ್ಕನ ಕಡೆ ನೋಡಿದ. ಅವಳು ಮೇಜಿನ ಮೇಲಿಲ್ಲದ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

"ತಪ್ಪಾಯ್ತು ಮೇಡಂ. ಹಳೇ ಯಂತ್ರ, ನಾನು ಗಮನ ಇಡಬೇಕಿತ್ತು" ಎಂದ.

ಅವನಿಗೆ ಕುಡಿಯಲು ನೀರು ತರುವ ನೆಪದಲ್ಲಿ ಅವಳು ಹೊರಗೆ ಹೋದಳು. ಲೋಟ ಹಿಡಿದು ವಾಪಸು ಬಂದಾಗ ಅವನು ಕಪ್ಪು ಕಿಟಕಿಯನ್ನು ಮೇಲಕ್ಕೆ ಸರಿಸಿ ನೋಡುತ್ತಿದ್ದ. ಅದನ್ನವಳು ಮುಚ್ಚಿರಲೇ ಇಲ್ಲ. ಪರದೆಯ ನಟ್ಟನಡುವೆ, ನಲವತ್ತೆರಡು ಹೆಸರುಗಳ ತಲೆಯ ಮೇಲೆ, ಅವಳು ಹೊಡೆದ ಎಂಗೆಟ್ ನಿಂತಿತ್ತು. ಅವನು ಹೆಜ್ಜೆ ಸದ್ದು ಕೇಳಿ ಕಿಟಕಿಯನ್ನು ಮುಚ್ಚಿದ. ನೀರು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, "ಬರ್ತೀನಕ್ಕಾ" ಎಂದು ಹೊರಟುಹೋದ.

ಒಂದು ಮಾತು ಬೈದಿದ್ದರೆ ಅವಳಿಗೆ ಉಸಿರಾಡಲು ಜಾಗವಿರುತ್ತಿತ್ತು. ಆ ಇರುಳು ಗಂಡ, "ಯಾಕೆ, ತುತ್ತು ಎಣಿಸ್ತಾ ಕೂತಿದ್ದೀಯ?" ಎಂದದ್ದಕ್ಕೆ ರೇಗಿಬಿಟ್ಟಳು. ಬಡಪಾಯಿ ಸುಮ್ಮನೆ ಎದ್ದು ಹೋಗಿ ಪಾತ್ರೆ ತೊಳೆದ. ಅದಕ್ಕೂ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳನ್ನು ಯಾರೂ ಕಳ್ಳಿ ಎಂದಿರಲಿಲ್ಲ, ಆದರೂ ಕೈ ಹೆಗಲಿನಿಂದ ಇಳಿಯಲೊಲ್ಲದು.

ಬೆಳಿಗ್ಗೆ ಮೇಡಂ ಅವಳನ್ನು ಕರೆದು ಒಂದು ಕಾಗದ ಕೊಟ್ಟರು. "ಇದನ್ನ ಟೈಪ್ ಮಾಡಿಕೊಡಿ ಅಕ್ಕ. ಮುಂದಿನ ತಿಂಗಳಿಂದ ಅವನು ಬೇಡ. ಬೇರೆಯವರನ್ನ ನೋಡೋಣ. ಅವನಿಗೂ ಬರೋಕೆ ಹೇಳಿದ್ದೀನಿ, ಕೈಗೇ ಕೊಟ್ಟುಬಿಡ್ತೀನಿ."

ಅವಳು ಯಂತ್ರದ ಮುಂದೆ ಕೂತಳು. "ನಿಮ್ಮ ಅಜಾಗರೂಕತೆಯಿಂದ" ಎಂದು ಶುರುವಾಗುತ್ತಿತ್ತು ಆ ಕಾಗದ. ಕಣ್ಣು ಮುಚ್ಚಿ ಸಾವಿರ ಪುಟ ಹೊಡೆದ ಬೆರಳುಗಳು ಆ ಎರಡು ಶಬ್ದದ ಮೇಲೆ ಏಳಲಿಲ್ಲ. ಹೊತ್ತು ಹೋಯಿತು. ಪಕ್ಕದ ಮೇಡಂ ಕೋಣೆಯಿಂದ ಮೇಷ್ಟ್ರ ಕೆಮ್ಮು ಕೇಳಿಸಿತು. ಪಾಠಗಳ ಸುದ್ದಿ ತಿಳಿದು ಅವರೂ ಬಂದಿದ್ದರು. ರಿಪೇರಿಯವನೂ ಬಂದು ಬಾಗಿಲ ಹತ್ತಿರ ನಿಂತಿದ್ದ.

ಅವಳು ಖಾಲಿ ಕೈಯಲ್ಲಿ ಎದ್ದು ಅಲ್ಲಿಗೆ ಹೋದಳು.

"ಮೇಡಂ, ಡಿಸ್ಕ್ ಕೆಟ್ಟಿಲ್ಲ."

"ಏನು?"

"ನಾನೇ ಅಳಿಸಿದ್ದು. ಕಳಿಸೋ ಬದಲು ತರಿಸಿದೆ. ಆವತ್ತು ಸಮಿತಿಯವರ ಮುಂದೆ ಜಂಬ ಕೊಚ್ಚಿಕೊಳ್ಳೋಕೆ ಹೋಗಿ, ಪರದೆ ನೋಡಲಿಲ್ಲ. ಪ್ರತಿ ಇಡ್ತೀನಿ ಅಂದವಳೂ ನಾನೇ, ಇಡದೇ ಇದ್ದವಳೂ ನಾನೇ. ಈ ತಮ್ಮನದು ಏನೂ ಇಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ." ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು. ಮೂರನೇ ಮಹಡಿಯಲ್ಲಿ ಅದಕ್ಕೂ ಅನುಕೂಲವಿರಲಿಲ್ಲ.

ಮೇಡಂ ಅವಳನ್ನೇ ನೋಡುತ್ತ, "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ ಅಕ್ಕ. ತಪ್ಪು ಯಾರಿಗಾದ್ರೂ ಆಗುತ್ತೆ. ಆದರೆ ನಾನು ಇವನನ್ನ ಬೈತಾ ಇದ್ದಾಗ ನೀವು ಅಲ್ಲೇ ನಿಂತಿದ್ರಿ" ಎಂದರು. ಆಮೇಲೆ ರಿಪೇರಿಯವನ ಕಡೆ ತಿರುಗಿ, ಕಷ್ಟಪಟ್ಟು, "ನನ್ನದೂ ತಪ್ಪಾಯ್ತಪ್ಪಾ. ಇನ್ನು ಮೇಲೆ ಸರ್ವರಿನ ಕೆಲಸವೂ ನೀನೇ ನೋಡಿಕೋ" ಎಂದರು. ಹತ್ತೊಂಬತ್ತು ವರ್ಷದ ಕಪ್ಪು ಕಿಟಕಿ ಅಷ್ಟರಲ್ಲಿ ಅವಳ ಕೈ ತಪ್ಪಿತು. ಅವಳು ತಲೆಯಾಡಿಸಿದಳು.

ಮೇಷ್ಟ್ರ ಮುಖ ನೋಡಲು ಧೈರ್ಯವಾಗಲಿಲ್ಲ. ಅವರ ಚಪ್ಪಲಿ ನೋಡುತ್ತ, "ನಿಮ್ಮ ಅಂಗೈ ನಕ್ಷೆಗಳು, ಮೇಷ್ಟ್ರೇ..." ಎಂದಳು.

"ಹೋದವು" ಎಂದರು ಮೇಷ್ಟ್ರು. ನೋವು ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. "ಕೆಲವು ಚೆನ್ನಾಗಿ ಬಂದಿದ್ದವಮ್ಮಾ. ಇನ್ನೊಂದು ಸಲ ಹಾಗೇ ಬರುತ್ತೆ ಅಂತ ಹೇಳಲಾರೆ. ನನ್ನ ಗಂಟಲೂ ಮೊದಲಿನ ಹಾಗಿಲ್ಲ." ಬೆರಳು ಮಡಚಿ ಎಣಿಸುತ್ತ, "ಹದಿನಾರು ದಿನದಲ್ಲಿ ಒಂದು ಹೋಯಿತು. ಹದಿನೈದು. ದಿನಕ್ಕೆ ಮೂರು ಪಾಠ ಅಂದ್ರೆ ಆಗುತ್ತೆ. ಮುಗಿಸಿದ್ದನ್ನ ಇವನು ಅವತ್ತೇ ಕಳಿಸಿಬಿಡ್ಲಿ. ಮತ್ತೆ ನೀವು ಬರೀ ಕೂತಿರೋದು ಬೇಡ. ನನ್ನ ಎದುರಿಗೆ ಕೂತು ಅಂಗೈ ಇಡಿ. ಯಾರೂ ಎದುರಿಗಿಲ್ಲದೆ ಗೋಡೆಗೆ ಪಾಠ ಹೇಳಿ ಹೇಳಿ ನನಗೂ ಸಾಕಾಗಿದೆ" ಎಂದರು.

ಅವತ್ತೇ ಊಟಕ್ಕೆ ಮುಂಚೆ ಎರಡು ಪಾಠ ಓದಿದರು. ಅವಳು ಎದುರಿಗೆ ಕೂತು ಕೈ ಚಾಚಿದಳು. ಮೊದಲ ನಕ್ಷೆಗೆ ಅವರು ತಡವರಿಸಿದರು. ಮೊದಲ ಸಲ ಹೇಗೆ ಹೇಳಿದ್ದೆ ಎಂದು ಹುಡುಕುವ ಹಾಗೆ ಎರಡು ಸಲ ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರು ಮಾಡಿದರು. ಪ್ರತಿ ಸಲ ಅವರು ನಿಂತಾಗಲೂ ಅವಳು ಚಾಚಿದ ಕೈ ತೆಗೆಯದೆ ಕಾದಳು.

ಊಟದ ಹೊತ್ತಿಗೆ ಎಲ್ಲರೂ ಮೇಡಂ ಕೋಣೆಯ ಉದ್ದನೆಯ ಮೇಜಿಗೆ ಸೇರುವುದು ರೂಢಿ. ಅವಳು ಹೋಗಲಿಲ್ಲ. ಬೆಳಿಗ್ಗೆ ಮನೆಯಿಂದ ಡಬ್ಬಿಯನ್ನೂ ತಂದಿರಲಿಲ್ಲ. ಇರುಳೆಲ್ಲ ನಿದ್ದೆಯಿಲ್ಲದೆ ಎದ್ದವಳಿಗೆ ಅಡಿಗೆ ಎಲ್ಲಿ ನೆನಪಿತ್ತು? ಕಂಬಳಿ ಹೊಡೆದ ಕೋಣೆಯಲ್ಲೇ ಉಳಿದು, ಆರಿಸಿದ ಮೈಕಿನ ತಂತಿಯನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಚೆಯಿಂದ ಪಾತ್ರೆಗಳ ಸದ್ದು, ಯಾರದೋ ನಗು ಕೇಳುತ್ತಿತ್ತು. ತನ್ನನ್ನು ನೋಡಿಯೇ ನಗುತ್ತಿದ್ದಾರೆ ಎನ್ನಿಸಿತು. ಹಾಗೇನೂ ಇರಲಿಲ್ಲ.

ಬಾಗಿಲು ಮೆಲ್ಲಗೆ ತೆರೆಯಿತು. ರಿಪೇರಿಯವನು. ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಡಬ್ಬಿ. ಅವಳು ಮಾತಾಡಲು ಬಾಯಿ ತೆರೆದಳು. ಕ್ಷಮಿಸು ಎಂಬ ಮಾತನ್ನು ಬೆಳಿಗ್ಗೆಯಿಂದ ಎಷ್ಟೋ ಸಲ ಒಳಗೇ ಜೋಡಿಸಿ ಇಟ್ಟುಕೊಂಡಿದ್ದಳು. ಅವನು ಕೇಳಲು ನಿಲ್ಲಲಿಲ್ಲ. ಡಬ್ಬಿಯ ಮುಚ್ಚಳವನ್ನು ತಟ್ಟೆಯ ಹಾಗೆ ಮಗುಚಿ, ಊಟದಲ್ಲಿ ಅರ್ಧಕ್ಕಿಂತ ಹೆಚ್ಚನ್ನೇ ಅದಕ್ಕೆ ಬಡಿಸಿ, ಚಮಚವನ್ನು ಅಂಗಿಯ ತುದಿಯಿಂದ ಒರೆಸಿ, ಅವಳ ಕೈಗೆ ಕೊಟ್ಟ.