ಬೀಸದೆ ಉಳಿದ ಗೋಧಿ

“ಸ್ವಲ್ಪ ಎಡಕ್ಕೆ... ಗೋಡೆಗೆ ತಾಗುತ್ತೆ ನೋಡ್ರಪ್ಪ!” ಎಂದು ಕೆಳಮನೆಯ ಟೈಲರ್ ಮೆಟ್ಟಿಲಿನಲ್ಲಿ ಹಿಮ್ಮುಖವಾಗಿ ಇಳಿಯುತ್ತ ಕೂಗುತ್ತಿದ್ದ. ಬಸ್ ಡಿಪೋದ ನಾಲ್ವರು ಹಳೆಯ ಗೆಳೆಯರು ಹೆಣವನ್ನು ಮೂರು ಮಹಡಿ ಇಳಿಸಬೇಕಿತ್ತು. ಜೀವಮಾನವೆಲ್ಲ ಬಸ್ಸಿನ ಟೈರು ಬಿಚ್ಚಿ ಹಾಕಿದ ಆಳು, ಸತ್ತ ಮೇಲೂ ಹಗುರಾಗಿರಲಿಲ್ಲ.

“ಗಿರಣಿ ಮಾವನ ಹಿಟ್ಟು ಇನ್ನೆಲ್ಲಿ ಸಿಗುತ್ತೆ ಬಿಡಿ,” ಎಂದಳು ಪಕ್ಕದ ಮನೆಯ ನರ್ಸ್, ಕಣ್ಣೊರೆಸಿಕೊಳ್ಳುತ್ತ. “ವಾರಕ್ಕೊಂದು ಡಬ್ಬಿ ತಂದ್ಕೊಡೋರು. ಬೇಡ ಅಂದ್ರೆ ಬೈಯೋರು.”

ಸತ್ತವನ ಹೆಂಡತಿ ಸೆರಗು ಬಿಗಿದುಕೊಂಡು ಹೆಣದ ಹಿಂದೆ ಮೆಟ್ಟಿಲಿಳಿದಳು. ನಿನ್ನೆಯಿಂದ ಅವಳ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಅವನು ಅರ್ಧಕ್ಕೇ ಬಿಟ್ಟುಹೋದ ಗೋಧಿ ಅಡುಗೆಮನೆಯ ಗಿರಣಿಯಲ್ಲಿ ಹಾಗೇ ಇದೆ. ಮಣ್ಣು ಮುಗಿಸಿ ಬಂದ ಮೇಲೆ ತಾನೇ ಅದನ್ನು ಬೀಸಿ ಮುಗಿಸಬೇಕು. ಅಷ್ಟು ಮಾಡಿದರೆ ಆಮೇಲೆ ಕೂತು ಅಳಬಹುದು.

* * *

ನಿವೃತ್ತಿಯ ದಿನ ಡಿಪೋದವರು ಅವನಿಗೆ ಹಿಟ್ಟು ಕಲಸುವ ದೊಡ್ಡ ಮಿಕ್ಸರ್ ಕೊಟ್ಟಿದ್ದರು. ಅದರ ಮೂತಿಗೆ ಸಿಕ್ಕಿಸುವ ಪುಟ್ಟ ಗಿರಣಿಯೊಂದು ಸಿಗುತ್ತದೆಂದು ಗೊತ್ತಾದದ್ದೇ ತಡ, ಮಹಾರಾಯ ಹುಡುಕಿ ತಂದ. ಅವತ್ತಿನಿಂದ ಬೆಳಿಗ್ಗೆ ಆರಾಯಿತೆಂದರೆ ಗರಗರ ಶುರು. ಮೊದಲು ತರಿ, ತಿರುಪು ಬಿಗಿ ಮಾಡಿ ಎರಡನೇ ಸಲ ನಯ. ಮಿಕ್ಸರಿನ ಬೆನ್ನು ಮುಟ್ಟಿ ನೋಡಿ, ಬಿಸಿಯಾಗಿದ್ದರೆ “ಪಾಪ, ಸುಸ್ತಾಗಿದೆ” ಎಂದು ಮುಕ್ಕಾಲು ಗಂಟೆ ಬಿಡುತ್ತಿದ್ದ. ಗಿರಣಿಗೆ ಮಾತ್ರ ನೀರು ಸೋಕುವಂತಿರಲಿಲ್ಲ. “ಒಳಗೆ ಅಂಟಾದ್ರೆ ಇದರ ಕತೆ ಮುಗೀತು” ಎಂದು ಹಳೆಯ ಶೇವಿಂಗ್ ಬ್ರಷ್ಷಿನಿಂದ ಸವರಿ ಸವರಿ ಹಿಟ್ಟು ಕೊಡವುತ್ತಿದ್ದ.

“ನನ್ನ ಬೆನ್ನನ್ನ ಒಂದಿನ ಹಿಂಗೆ ಸವರಿದ್ದೀರಾ?”

“ನಿಂಗೆ ನೀರು ತಾಗಿದ್ರೆ ಏನೂ ಆಗಲ್ಲ ಬಿಡೆ.”

ನಿನ್ನೆ ಬೆಳಿಗ್ಗೆ ಅವಳಿಗೆ ತಲೆ ಸಿಡಿಯುತ್ತಿತ್ತು. “ಸಾಕು ನಿಲ್ಲಿಸ್ರೀ! ಈ ಗರಗರ ಕೇಳೋದಕ್ಕಿಂತ ಸಾಯೋದೇ ವಾಸಿ!”

ಮಾತಿಗೆ ಮಾತು ಬೆಳೆಸುವ ಗಂಡಸು ಅವತ್ತು ತೆಪ್ಪಗೆ ಸ್ವಿಚ್ ಆರಿಸಿದ. “ಸರಿ. ಉಳಿದದ್ದು ಆಮೇಲೆ ನೋಡೋಣ,” ಎಂದು ಹೋಗಿ ಮಲಗಿದ. ಚಹಾ ಹಿಡಿದು ಎಬ್ಬಿಸಲು ಹೋದಾಗ ಅವನ ಕೈ ತಣ್ಣಗಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಯ್ಯೋ, ಆಡಿದ್ದಾದರೂ ಎಂಥ ಮಾತು!

* * *

ಮಣ್ಣು ಮುಗಿಸಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನಡೆದಳು. ಕಟ್ಟೆ ಫಳಫಳ ಹೊಳೆಯುತ್ತಿತ್ತು. ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದ ನಾದಿನಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಬನ್ನಿ ಅತ್ತಿಗೆ. ಎಲ್ಲಾ ತೊಳೆದಿಟ್ಟಿದೀನಿ. ಅಣ್ಣನ ಗಿರಣಿ ತುಂಬಾ ಹಿಟ್ಟು ಮೆತ್ಕೊಂಡಿತ್ತು. ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ ಉಜ್ಜಿ, ಮತ್ತೆ ಸಿಕ್ಕಿಸಿದೀನಿ.”

“ಅದರೊಳಗೆ ಗೋಧಿ ಇತ್ತಲ್ಲ?”

“ಎರಡು ಹಿಡಿ ಇತ್ತೇನೋ. ನೀರಿನ ಜೊತೆ ಹೋಯ್ತು. ಯಾಕೆ ಅತ್ತಿಗೆ?”

ನಾದಿನಿಯ ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು. ಕಣ್ಣು ಅತ್ತು ಅತ್ತು ಊದಿಕೊಂಡಿದ್ದವು. ಒಡಹುಟ್ಟಿದವನನ್ನು ಕಳೆದುಕೊಂಡವಳಿಗೆ ಏನೆಂದು ಬೈಯುವುದು?

“ಏನಿಲ್ಲ. ಒಳ್ಳೇದ್ ಮಾಡ್ದೆ ಕಣಮ್ಮ,” ಎಂದಳು. ನಾದಿನಿ ಕುಂಟುತ್ತ ಹೊರಗೆ ಹೋದಳು.

ಡಬ್ಬಿಯಿಂದ ಬೇರೆ ಗೋಧಿ ಒಂದು ಹಿಡಿ ತೆಗೆದು ಸುರಿದಳು. ಅದು ಅವನು ಬಿಟ್ಟದ್ದಲ್ಲ, ಗೊತ್ತು. ಆದರೂ ಸ್ವಿಚ್ ಒತ್ತಿದಳು. ಮಿಕ್ಸರ್ ಒಮ್ಮೆ ಗರಗರ ಎಂದು ನರಳಿತು. ಗಿರಣಿಯ ಬಾಯಿಂದ ಹಿಟ್ಟು ಬೀಳಲಿಲ್ಲ, ಗೋಂದಿನಂಥ ಬಿಳಿ ಅಂಟು ಒಸರಿತು. ಸುಟ್ಟ ವಾಸನೆ ಬಂತು. ಅವಳು ಮಿಕ್ಸರಿನ ಬೆನ್ನ ಮೇಲೆ ಕೈಯಿಟ್ಟಳು. ಬಿಸಿಯಾಗಿತ್ತು.

“ಯಾರ್ರೀ ಅದು?” ಹಜಾರದಿಂದ ಟೈಲರ್ ಕೂಗಿದ. “ಇವತ್ತೊಂದಿನ ಆ ಗರಗರ ನಿಲ್ಲಿಸ್ಬಾರ್ದಾ?”

“ಸರಿ,” ಎಂದು ಅವಳು ಸ್ವಿಚ್ ಆರಿಸಿದಳು.

ಸಿಂಕಿನ ಜಾಲರಿಯಲ್ಲಿ ಐದಾರು ಗೋಧಿಕಾಳು ಸಿಕ್ಕಿಕೊಂಡಿದ್ದವು. ಆಗಲೇ ನೀರು ಕುಡಿದು ಉಬ್ಬಿದ್ದವು. ಅವಳು ಅವನ್ನು ಅಂಗೈಗೆ ಎತ್ತಿಕೊಂಡು, ಶೇವಿಂಗ್ ಬ್ರಷ್ ತೆಗೆದು, ಒಂದೊಂದನ್ನೇ ಒರೆಸುತ್ತ ನಿಂತಳು.