ಕೂಮನ ಕಾರು ತೆಗೆಸಿದ ದೆಸಾಂಕಾ

ನೀಶ್ ನಗರದ ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇದೆ. ಅಗಲವಾಗಿಯೇ ಇದೆ. ಅದರ ಮೇಲೆ ಕಾರುಗಳು ನಿಂತಿರುತ್ತವೆ, ಜನ ರಸ್ತೆಯಲ್ಲಿ ನಡೆಯುತ್ತಾರೆ. ಬಸ್ಸಿನವನು ಹಾರ್ನ್ ಹೊಡೆದು ಬೈಯುವುದು ಮಾತ್ರ ನಡೆಯುವವರನ್ನೇ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. ಯಾರಿಗೂ ನಾಚಿಕೆ ಇಲ್ಲ.

ಬೀದಿಯ ಮಧ್ಯದಲ್ಲಿ ರಾತೊಮಿರ್ ಮತ್ತು ದೆಸಾಂಕಾ ದಂಪತಿಯ ಮನೆ. ರಾತೊಮಿರ್ ತನ್ನ ಬಿಳಿ ಕಾರನ್ನು ದಿನಾ ಗೇಟಿನ ಪಕ್ಕ ಫುಟ್‌ಪಾತಿನ ಮೇಲೆ ಹತ್ತಿಸುತ್ತಿದ್ದ. ಸಂತೆಯಿಂದ ಚೀಲ ಹೊತ್ತು ಬರುವ ದೆಸಾಂಕಾ ತನ್ನ ಮನೆಗೆ ತಾನೇ ಗೋಡೆ ಸವರಿಕೊಂಡು ನುಸುಳಬೇಕಿತ್ತು.

“ಜನ ಎಲ್ಲಿ ನಡೀಬೇಕು ಅಂತೀಯ?” ಎಂದು ಅವಳು ಕೇಳುತ್ತಿದ್ದಳು.

“ಎಲ್ರೂ ನಿಲ್ಸಲ್ವಾ? ನಾನೊಬ್ಬನೇ ಏನು ಮಾಡಬಾರದ್ದು ಮಾಡಿದ್ದೀನಿ? ಕಾರನ್ನ ಮಡಚಿ ಜೇಬಲ್ಲಿ ಇಟ್ಕೊಳ್ಲಾ?”

“ಸಂತೆ ಹಿಂದೆ ಅಷ್ಟು ಜಾಗ ಖಾಲಿ ಬಿದ್ದಿದೆಯಲ್ಲ.”

“ಅಲ್ಲಿಂದ ಹತ್ತು ನಿಮಿಷ ನಡೀಬೇಕು ಕಣೆ.”

“ನಿನ್ನ ಕಾಲು ನೋಯಬಾರದು ಅಂತ ಊರೋರೆಲ್ಲ ರಸ್ತೆಗೆ ಇಳೀಬೇಕಾ?”

ರಾತೊಮಿರ್ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಈ ಊರಿನವರಿಗೆ ಇನ್ನೊಂದು ನಂಬಿಕೆ ಇದೆ. ಕಾರಿನ ನಾಲ್ಕು ದೀಪಗಳನ್ನೂ ಒಟ್ಟಿಗೆ ಮಿಣುಕಿಸುವ ಗುಂಡಿ ಇರುತ್ತದಲ್ಲ, ಅದನ್ನು ಒತ್ತಿಬಿಟ್ಟರೆ ಕಾರು ನಿಂತಿದ್ದರೂ ನಿಂತ ಹಾಗಲ್ಲ. “ಎರಡೇ ನಿಮಿಷ, ನಾಲ್ಕೂ ದೀಪ ಹಾಕಿದ್ದೀನಿ” ಎಂದು ಹೇಳಿ ಊಟ ಮುಗಿಸಿ, ಕಾಫಿ ಕುಡಿದು, ಹರಟೆ ಹೊಡೆದು ಬರುತ್ತಾರೆ. ದೀಪ ಮಿಣುಕಿದ ಮಾತ್ರಕ್ಕೆ ಕಾರು ಗಾಳಿಯಾಗಿ ಹೋಗುತ್ತದೆಯೇ? ಕೇಳಿದರೆ ನಮ್ಮನ್ನೇ ಹುಚ್ಚರೆಂಬಂತೆ ನೋಡುತ್ತಾರೆ.

ನವೆಂಬರ್ ಬಂತು. ಮಿತ್ರೊವ್‌ದಾನ್ ಎಂಬ ಸಂತರ ದಿನದಂದು ದೆಸಾಂಕಾಳ ಮನೆಯಲ್ಲಿ ಸ್ಲಾವಾ, ಅಂದರೆ ಮನೆದೇವರ ಹಬ್ಬ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ನೆನಪಿಟ್ಟುಕೊಂಡು ಬಂದವರೆಲ್ಲ ನೆಂಟರು. ಬೀದಿಯ ಮೂಲೆಮನೆಯ ಸ್ತೊಯಾದಿನ್ ಹಿಂದೆಲ್ಲ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದವನು. ವಸಂತದಲ್ಲಿ ಅವನಿಗೆ ಲಕ್ವ ಹೊಡೆಯಿತು. ಅಂದಿನಿಂದ ಗಾಲಿಕುರ್ಚಿಯೇ ಗತಿ.

ಹಬ್ಬದ ಹಿಂದಿನ ವಾರ ಅವನ ಹೆಂಡತಿ ಝಿವ್ಕಾ ಬಂದು ಅಡುಗೆಮನೆಯಲ್ಲಿ ಕುಳಿತಳು.

“ಈ ಸಲ ಬರ್ತಾನಂತೆ ದೆಸಾಂಕಾ. ಕೋಟು ಇಸ್ತ್ರಿ ಮಾಡು ಅಂದ. ಆಸ್ಪತ್ರೆ ಬಿಟ್ರೆ ಎಲ್ಲಿಗೂ ಬರಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದ್ದೋನು. ಹೋಗೋಣ ಅಂತ ತಾನಾಗೇ ಬಾಯಿಬಿಟ್ಟಿದ್ದು ಇದೇ ಮೊದಲು.”

ದೆಸಾಂಕಾಳ ಕಣ್ಣು ತುಂಬಿತು. ಅವತ್ತೇ ಬಾಗಿಲ ಮೆಟ್ಟಿಲಿಗೆ ಹಲಗೆ ಹಾಕಿಸಿದಳು. ಹಬ್ಬದ ದಿನ ಕಾರನ್ನು ಸಂತೆ ಹಿಂದೆ ಬಿಡು ಎಂದು ಗಂಡನಿಗೆ ಹೇಳಿದಳು. ಅವನು “ಆಯ್ತು, ಆಯ್ತು” ಎಂದ. ಆ ಎರಡು ಆಯ್ತುಗಳನ್ನು ನಂಬಿದ್ದು ಅವಳ ತಪ್ಪು.

ಹಬ್ಬದ ದಿನ ಮಧ್ಯಾಹ್ನ ಕೂಮ ಬಂದ. ಕೂಮ ಅಂದರೆ ಮದುವೆಗೆ ಸಾಕ್ಷಿ ನಿಂತವನು, ಮಗಳಿಗೆ ಹೆಸರಿಟ್ಟವನು. ಅವನ ಹೆಸರು ಬ್ಲಾಗೊಯೆ. ಸ್ವಂತ ಅಣ್ಣನಿಗೆ ಇಲ್ಲ ಅನ್ನಬಹುದು, ಕೂಮನಿಗೆ ಅನ್ನುವಂತಿಲ್ಲ. ಅವನು ತನ್ನ ಕರಿಯ ಜೀಪನ್ನು ಗೇಟಿನ ಮುಂದೆ ನಾಲ್ಕೂ ಗಾಲಿ ಫುಟ್‌ಪಾತಿನ ಮೇಲೆ ಬರುವ ಹಾಗೆ ಹತ್ತಿಸಿ, ನಾಲ್ಕೂ ದೀಪ ಹಾಕಿ ಒಳಗೆ ಬಂದ. ಕೂಮನನ್ನು ನೋಡಿ ಉಳಿದ ನೆಂಟರೂ ಹಾಗೇ ಹತ್ತಿಸಿದರು. ರಾತೊಮಿರ್‌ನ ಬಿಳಿ ಕಾರಂತೂ ಬೆಳಿಗ್ಗೆಯಿಂದ ಅಲ್ಲೇ ಇತ್ತು. ಒಲೆಯ ಮುಂದೆ ಬೇಯುತ್ತಿದ್ದ ದೆಸಾಂಕಾ ಹೊರಗೆ ಬಗ್ಗಿ ನೋಡಲಿಲ್ಲ.

ಎಲೆಕೋಸಿನ ಸುರುಳಿ ಬಡಿಸುವ ಹೊತ್ತಿಗೆ ಝಿವ್ಕಾ ಒಬ್ಬಳೇ ಒಳಗೆ ಬಂದಳು. ತಲೆಗೂದಲು ಕೆದರಿತ್ತು, ಏದುಸಿರು ಬಿಡುತ್ತಿದ್ದಳು. ಬಂದವರಿಗೆ ಮೊದಲು ಹಬ್ಬದ ಗೋಧಿ ಕೊಡಬೇಕು. ಸಕ್ಕರೆ, ಅಕ್ರೋಟು ಹಾಕಿ ಕಲಸಿದ ಆ ಗೋಧಿಯ ತಟ್ಟೆಯನ್ನು ದೆಸಾಂಕಾ ಮುಂದೆ ಹಿಡಿದಳು.

“ತಟ್ಟೆ ಆಚೆ ಇಡು. ನಾನು ತಿನ್ನಲ್ಲ.”

ಎಲ್ಲರೂ ತಿರುಗಿ ನೋಡಿದರು. ಹಬ್ಬದ ಮನೆಯಲ್ಲಿ ಗೋಧಿ ಬೇಡ ಅನ್ನುವುದು ಮಂಗಳಾರತಿ ತಟ್ಟೆಯನ್ನು ದೂರ ತಳ್ಳಿದ ಹಾಗೆ.

“ಸ್ತೊಯಾದಿನ್ ಎಲ್ಲಿ?” ಎಂದಳು ದೆಸಾಂಕಾ.

“ಬೇಕರಿ ಮುಂದೆ. ಅಲ್ಲಿಂದ ಈಚೆಗೆ ಕುರ್ಚಿ ಬರಲ್ಲ. ಫುಟ್‌ಪಾತ್ ಪೂರ್ತಿ ನಿಮ್ಮ ನೆಂಟರ ಕಾರು. ರಸ್ತೆಗೆ ಇಳಿಸ್ದೆ, ಮುಂದಿನ ಗಾಲಿ ಚರಂಡಿ ಜಾಲರಿಗೆ ಸಿಕ್ಕಾಕೊಂಡ್ತು. ಹಿಂದೆ ಬಸ್ಸು. ಮಗುಚಿ ಬೀಳ್ತಿದ್ದ, ಹೆಂಗೋ ತಡ್ಕೊಂಡೆ. ಬಸ್ಸಿನೋನು ಕಿಟಕಿಯಿಂದ ತಲೆ ಹಾಕಿ, ಇಂಥೋರು ಮನೇಲಿ ಬಿದ್ದಿರೋಕೆ ಏನು ರೋಗ ಅಂದ.” ಅವಳು ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿದಳು. “ಈಗ ಮನೆಗೆ ಹೋಗೋಣ ಅಂತಿದ್ದಾನೆ. ಇವತ್ತು ವಾಪಸ್ ಹೋದ್ರೆ ಮತ್ತೆ ಹೊಸಿಲು ದಾಟಲ್ಲ ಅವನು. ನಂಗೆ ಗೊತ್ತು.”

ಬ್ಲಾಗೊಯೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. “ಒಳ್ಳೇ ದಿನ ಜಗಳ ಯಾಕಮ್ಮ? ನಾನು ನಾಲ್ಕೂ ದೀಪ ಹಾಕಿದ್ದೀನಿ. ಗೋಡೆ ಪಕ್ಕ ಜಾಗಾನೂ ಬಿಟ್ಟಿದ್ದೀನಿ. ನಾನೇ ಅಲ್ಲಿಂದ ದಾಟ್ಕೊಂಡು ಬಂದೆ.”

“ನೀವು ಹೊಟ್ಟೆ ಒಳಗೆ ಎಳ್ಕೊಂಡು ಅಡ್ಡಡ್ಡ ಬಂದ್ರಿ. ಗಾಲಿಕುರ್ಚಿ ಹೊಟ್ಟೆ ಎಳ್ಕೊಳ್ಳುತ್ತಾ? ಮಗು ಮಲಗಿಸೋ ಗಾಡಿ ಎಳ್ಕೊಳ್ಳುತ್ತಾ? ಕಣ್ಣು ಕಾಣದೋನು ಕೋಲು ಹಿಡ್ಕೊಂಡು ಬಂದ್ರೆ ನಿಮ್ಮ ದೀಪ ಅವನಿಗೆ ಕಾಣುತ್ತಾ?” ಎಂದಳು ಝಿವ್ಕಾ.

“ಊರಲ್ಲಿ ಕಾರು ನಿಲ್ಸೋಕೆ ಜಾಗ ಎಲ್ಲಿದೆ ಹೇಳು. ಹೋಗಿ ನಗರಸಭೇನ ಕೇಳು, ನನ್ನಲ್ಲ.”

“ಬನ್ನಿ, ನಾಳೆನೇ ಹೋಗಿ ಕೇಳೋಣ, ನಾನೂ ಬರ್ತೀನಿ. ಅವರು ಜಾಗ ಕೊಡೋ ತನಕ ನನ್ನ ಗಂಡ ಬಸ್ಸಿಗೆ ಅಡ್ಡ ಕೂತಿರಬೇಕಾ? ನಿಲ್ಸಬಹುದು ಅಂತ ಫಲಕ ಇಲ್ಲದ ಕಡೆ ಫುಟ್‌ಪಾತ್ ಮೇಲೆ ನಿಲ್ಸೋ ಹಾಗಿಲ್ಲ. ಕಾನೂನು ನಿಮಗೂ ಗೊತ್ತು. ಅಲ್ಲಿರೋದು ಜನ ನಡೆಯೋ ಕಲ್ಲು. ಕಾರು ಹತ್ತಿಸಿ ಹತ್ತಿಸಿ ಎಲ್ಲಾ ಸೀಳಿಹೋಗಿದೆ. ಕಾರಿಲ್ಲದ ದಿನಾನೂ ಕುರ್ಚಿ ಅಲ್ಲಿ ಕುಣೀತಾ ಬರುತ್ತೆ.”

ದೆಸಾಂಕಾ ಗಂಡನ ಮುಖ ನೋಡಿದಳು. ಅವನು ಅವಳ ಕಿವಿಯ ಹತ್ತಿರ ಬಂದು, “ಕೂಮನಿಗೆ ಹೆಂಗೆ ಹೇಳೋದು?” ಎಂದು ಪಿಸುಗುಟ್ಟಿದ.

ಅಷ್ಟೇ. ದೆಸಾಂಕಾಳ ಮೈಯೆಲ್ಲ ಉರಿದುಹೋಯಿತು. ಎರಡು ದಿನ ನಿಂತು ಬೇಯಿಸಿದ್ದು ಯಾರಿಗೆ? ಹಲಗೆ ಹಾಕಿಸಿದ್ದು ಯಾರಿಗೆ? ಬಾಗಿಲು ತೆರೆದಿಟ್ಟು, ಬಾಗಿಲಿಗೆ ಬರುವ ದಾರಿಯನ್ನೇ ಮುಚ್ಚಿ ಕೂತಿದ್ದಾರಲ್ಲ, ಇವರಿಗೆ ಹೊಟ್ಟೆಗೆ ಬೇರೆ ಹಾಕಬೇಕೇ? ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಕೂಮಾ, ಕಾರು ತೆಗೀರಿ.”

“ಏನಂದೆ?”

“ಕಾರು ತೆಗೀರಿ ಅಂದೆ. ರಾತೊಮಿರ್, ನಿಂದೂ. ಮಿಕ್ಕೋರು ಕೂತೇ ಇದ್ದೀರಲ್ಲ, ನಿಮಗೆ ಬೇರೆ ಹೇಳ್ಬೇಕಾ?”

ಬ್ಲಾಗೊಯೆಯ ಮುಖ ಕೆಂಡವಾಯಿತು. “ಹಬ್ಬದ ದಿನ ಊಟಕ್ಕೆ ಕೂತ ಕೂಮನನ್ನ ಎಬ್ಬಿಸ್ತಿದ್ದೀಯಾ ದೆಸಾಂಕಾ?”

“ಹಬ್ಬಕ್ಕೆ ಅಂತ ಕೋಟು ಹಾಕ್ಕೊಂಡು ಬಂದೋನನ್ನ ನಿಮ್ಮ ಕಾರು ದಾರೀಲೇ ವಾಪಸ್ ಕಳಿಸ್ತಿದೆ. ನನ್ನ ಮನೆಗೆ ಯಾರು ಬರಬೇಕು, ಯಾರು ಬರಬಾರದು ಅಂತ ಹೇಳೋಕೆ ನಿಮ್ಮ ಜೀಪು ಯಾರು?”

“ಈಗ ಎದ್ದು ಹೋದ್ರೆ ತಿರುಗಿ ಬರಲ್ಲ ನಾನು.”

“ನಿಮ್ಮಿಷ್ಟ ಕೂಮಾ. ಬಂದ್ರೆ ಸಂತೋಷ, ಬರದೇ ಇದ್ರೆ ಊಟ ಕಟ್ಟಿ ಕಳಿಸ್ತೀನಿ. ಕಾರು ಮಾತ್ರ ಅಲ್ಲಿರಕೂಡದು.”

ಬ್ಲಾಗೊಯೆ ಕೋಟು ಎಳೆದುಕೊಂಡು ದಡದಡ ಹೊರಗೆ ನಡೆದ. ಹಿಂದೆಯೇ ಉಳಿದವರು ಕೀಲಿಕೈ ಹುಡುಕುತ್ತ ಎದ್ದರು. ಮೇಜಿನ ಮೇಲೆ ಸುರುಳಿಗಳು ಆರಿಹೋದವು.

ದೆಸಾಂಕಾ ಝಿವ್ಕಾಳ ಜೊತೆ ಓಡಿದಳು. ಸ್ತೊಯಾದಿನ್ ಬೇಕರಿಯ ಮುಂದೆ ತನ್ನ ಮನೆಯ ಕಡೆ ಮುಖಮಾಡಿ ಕುಳಿತಿದ್ದ. ಇಸ್ತ್ರಿ ಕೋಟಿನ ತೋಳಿಗೆ ಚರಂಡಿ ನೀರು ಸಿಡಿದಿತ್ತು.

“ನಿಮಗೆಲ್ಲ ತೊಂದರೆ,” ಎಂದ, ಒಂದೊಂದೇ ಪದ ಎಳೆಯುತ್ತ. “ನಾನು ಮನೇಲೇ... ಇರ್ತೀನಿ.”

“ತೊಂದರೆ ಕೊಟ್ಟೋರು ನಾವು. ನೀನು ಯಾಕೆ ಮನೇಲಿರಬೇಕು?” ಎಂದಳು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಅವರಿಬ್ಬರೂ ಸ್ತೊಯಾದಿನ್‌ನನ್ನು ಒಪ್ಪಿಸುವಷ್ಟರಲ್ಲಿ ರಾತೊಮಿರ್ ಸಂತೆ ಹಿಂದೆ ಕಾರು ಬಿಟ್ಟು ಓಡೋಡಿ ಬಂದು ಕುರ್ಚಿಯ ಹಿಡಿ ಹಿಡಿದ. ತಳ್ಳತೊಡಗಿದ. ಪಕ್ಕದ ಮನೆಯ ಮುಂದೆ ಯಾರದೋ ಒಂದು ವ್ಯಾನು ಇನ್ನೂ ನಿಂತಿತ್ತು. ಕುರ್ಚಿಯನ್ನು ರಸ್ತೆಗೆ ಇಳಿಸಲೇಬೇಕಾಯಿತು. ಇಳಿಸಿದ ಕೂಡಲೇ ಬೆನ್ನ ಹಿಂದೆ ಬಸ್ಸಿನ ಹಾರ್ನು. ರಾತೊಮಿರ್ ಬೆಚ್ಚಿ ಹಿಂತಿರುಗಿದ, ಕುರ್ಚಿ ವಾಲಿತು. ಮೂವರೂ ಸೇರಿ ಎತ್ತಿ ಮೇಲೆ ತಂದರು.

“ಯಾವ ಅಯೋಗ್ಯ ಇದನ್ನ ಇಲ್ಲಿ ತಂದು ನಿಲ್ಸಿರೋನು?” ಎಂದು ಅವನು ವ್ಯಾನಿನ ಬಾಗಿಲಿಗೆ ಗುದ್ದಿದ.

“ನಿನ್ನಂಥೋನೇ ಯಾರೋ,” ಎಂದಳು ದೆಸಾಂಕಾ.

ಮನೆಯೊಳಗೆ ಯಾರೋ ಅವನಿಗೆಂದು ಕುರ್ಚಿ ಎಳೆದುಕೊಡಲು ಹೋದರು. “ಬೇಡ,” ಎಂದ ಸ್ತೊಯಾದಿನ್. “ನಂದು ನಾನೇ ತಂದಿದ್ದೀನಿ.” ಝಿವ್ಕಾ ಆಗ ಚಮಚ ಎತ್ತಿಕೊಂಡು ಗೋಧಿ ತಿಂದಳು, ಗಂಡನಿಗೂ ತಿನ್ನಿಸಿದಳು.

ಸ್ವಲ್ಪ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ಬ್ಲಾಗೊಯೆ ತಿರುಗಿ ಬಂದಿದ್ದ. ಹೊಸ ಬೂಟಿನ ತುಂಬ ಕೆಸರು, ಹಣೆಯಲ್ಲಿ ಬೆವರು. ಕಾರಿನಿಂದ ಇಳಿದು ನಡೆದು ಎಷ್ಟು ವರ್ಷವಾಗಿತ್ತೋ.

“ಸಂತೆಯಿಂದ ಇಲ್ಲಿ ತನಕ ಒಂದು ಕಡೆನಾದ್ರೂ ಮನುಷ್ಯ ನಡೆಯೋ ಹಾಗಿದೆಯೇನ್ರಿ? ಎಲ್ಲಾ ಕಡೆ ಕಾರು. ಪ್ರತಿ ಮನೆ ಮುಂದೆನೂ ರಸ್ತೆಗೆ ಇಳಿದೆ. ಒಬ್ಬ ಬಸ್ಸಿನೋನು ನಂಗೆ, ನಂಗೇ ಹೇಳ್ತಾನೆ, ಪಕ್ಕಕ್ಕೆ ಸಾಯೋ ಮುದುಕ ಅಂತ. ಇವರೆಲ್ಲ ಹೊಟ್ಟೆಗೆ ಏನು ತಿಂತಾರೆ?”

ಯಾರೂ ನಗಲಿಲ್ಲ. ಸ್ತೊಯಾದಿನ್ ಮಾತ್ರ ಬಾಯಿಯ ಒಂದೇ ಬದಿಯಿಂದ ಮೆಲ್ಲಗೆ ನಕ್ಕ.

“ನಿಮಗೆ ಇಳಿಯೋಕಾದ್ರೂ... ಆಯ್ತು,” ಎಂದ.

 ಬ್ಲಾಗೊಯೆ ಕೋಟು ಕಳಚಿ, ಸ್ತೊಯಾದಿನ್‌ನ ಪಕ್ಕದಲ್ಲಿ ಕುಳಿತ. ದೆಸಾಂಕಾ ಬಿಸಿ ಸುರುಳಿ ತಂದು ಬಡಿಸಿದಳು. ಕಾನೂನು, ನಗರಸಭೆ, ಜಾಗ ಎಂದು ಯಾರೂ ಮತ್ತೆ ಬಾಯಿ ತೆರೆಯಲಿಲ್ಲ. ಮರುದಿನ ಝಿವ್ಕಾ, ರಾತೊಮಿರ್, ಬ್ಲಾಗೊಯೆ ಮೂವರೂ ನಗರಸಭೆಗೆ ಹೋಗಿ, ಫುಟ್‌ಪಾತಿನ ಅಂಚಿಗೆ ಕಂಬ ನೆಡಿಸಿ ಎಂದು ಕೇಳಿ ಬಂದರು. ಕಂಬ ಇನ್ನೂ ಬಂದಿಲ್ಲ. ಬಿಳಿ ಕಾರು ಮಾತ್ರ ಅಂದಿನಿಂದ ಸಂತೆಯ ಹಿಂದೆಯೇ ನಿಲ್ಲುತ್ತಿದೆ.

ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ, ನಿಮ್ಮ ಕಾರು ಈಗ ಎಲ್ಲಿದೆ? ಮನೆಯಲ್ಲಿ ಮದುವೆ, ನಾಮಕರಣ, ಹಬ್ಬ ಏನೇ ಇರಲಿ, ಬಂದವರ ಕಾರು ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳಿ. ಹೇಳಲು ಸಂಕೋಚವೇ? ದೊಡ್ಡವರು, ಬೇಕಾದವರು ಎಂಬ ದಾಕ್ಷಿಣ್ಯವೇ? ಆ ದಾಕ್ಷಿಣ್ಯದ ಬೆಲೆಯನ್ನು ನೀವು ತೆರುವುದಿಲ್ಲ, ಕೆಳಗಿಳಿಯಲಾರದವರು ತೆರುತ್ತಾರೆ. ಕಾರಿಗೆ ಜಾಗ ಸಿಗದಿದ್ದರೆ ಅದು ನಿಮ್ಮ ತಾಪತ್ರಯ, ನೀವೇ ಹತ್ತು ನಿಮಿಷ ನಡೆಯಿರಿ. ಸ್ತೊಯಾದಿನ್‌ನ ಕಥೆ ಕೇಳಿ “ಅಯ್ಯೋ ಪಾಪ” ಎನ್ನಬೇಡಿ, ಅದು ಯಾರಿಗೂ ಬೇಕಾಗಿಲ್ಲ. ಎದ್ದು ಹೋಗಿ ಫುಟ್‌ಪಾತಿನಿಂದ ಕಾರು ತೆಗೆಯಿರಿ.